ಪುಟ್ಟ ಟ್ಯಾಬ್ಲೆಟ್, ದೊಡ್ಡ ವಿಂಡೋಸ್: ಫಾರ್ಮ್ಯಾಟ್ ಹೊಡೆಸುವ ಮುಂಚೆ ಇದನ್ನು ಓದಿ

ಪ್ರಿಂಟರ್ ಬಗ್ಗೆ ಕೇಳಿ, ವೈಫೈ ಬಗ್ಗೆ ಕೇಳಿ, ಸಮಾಧಾನವಾಗಿ ಉತ್ತರ ಕೊಡುತ್ತೇನೆ. ಆದರೆ ಎಂಟು ಇಂಚಿನ ವಿಂಡೋಸ್ ಟ್ಯಾಬ್ಲೆಟ್ ಹಿಡಿದುಕೊಂಡು ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಸಕಲೇಶಪುರ, ಮೂಡಿಗೆರೆ, ಆಲೂರು ಕಡೆಯಿಂದ ಜಾಸ್ತಿ. ಇದಕ್ಕೆ ಮೂಲ 2014. ಆ ವರ್ಷ ಮೈಕ್ರೋಸಾಫ್ಟ್, ಒಂಬತ್ತು ಇಂಚಿಗಿಂತ ಚಿಕ್ಕ ಪರದೆಯ ಸಾಧನ ತಯಾರಿಸುವವರಿಗೆ ವಿಂಡೋಸನ್ನು ಪುಕ್ಕಟೆ ಕೊಡುವುದಾಗಿ ಹೇಳಿತು. ಅಗ್ಗದ ಇಂಟೆಲ್ ಆಟಮ್ ಚಿಪ್, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್ ಹಾಕಿ ಕಂಪನಿಗಳು ಸಾಲುಸಾಲಾಗಿ ಟ್ಯಾಬ್ಲೆಟ್ ಇಳಿಸಿದವು. ಆಗ ತೆಗೆದುಕೊಂಡವರು ಬೀರುವಿನಲ್ಲಿಟ್ಟು ಮರೆತಿದ್ದರು. ಈಗ ಹೊರಗೆ ತೆಗೆದು ನನಗೆ ಬರೆಯುತ್ತಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಪ್ರಶ್ನೆ: ಎಂಟು ಇಂಚಿನ ವಿಂಡೋಸ್ 10 ಟ್ಯಾಬ್ಲೆಟ್ ಇದೆ. ತೋಟದ ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್, ವಾರದ ಬಟವಾಡೆ ಲೆಕ್ಕ ಎಲ್ಲಾ ನಮ್ಮ ರೈಟರ್ (ತೋಟದ ಗುಮಾಸ್ತರು) ಅದರಲ್ಲೇ ಎಕ್ಸೆಲ್‌ನಲ್ಲಿ ಬರೆಯುತ್ತಾರೆ. ಈಗ ಯಾವಾಗ ನೋಡಿದರೂ ಜಾಗ ಇಲ್ಲ, ಅಪ್‌ಡೇಟ್ ಆಗಲ್ಲ ಅನ್ನುತ್ತದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಿ ವಿಂಡೋಸ್ 11 ಹಾಕಿ, ಸ್ಟೋರೇಜ್ 128 ಜಿಬಿ ಮಾಡಿಕೊಡುತ್ತೇವೆ ಅಂತಾರೆ. ಮಾಡಿಸಬಹುದಾ? – ಮೂಡಿಗೆರೆಯ ಕಾಫಿ ಬೆಳೆಗಾರರು

ಉತ್ತರ: ಬೇಡ. ಟ್ಯಾಬ್ಲೆಟ್ಟನ್ನು ಅಂಗಡಿಯಲ್ಲಿ ಬಿಟ್ಟು ಬಂದಿದ್ದರೆ ಇವತ್ತೇ ಹೋಗಿ ವಾಪಸ್ ತನ್ನಿ.

ಮೊದಲು 128 ಜಿಬಿ ಮಾತು. ನಿಮ್ಮ ಟ್ಯಾಬ್ಲೆಟ್‌ನಲ್ಲಿರುವ ಸ್ಟೋರೇಜ್ ಇಎಂಎಂಸಿ ಅನ್ನುವ ಚಿಪ್. ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಥರ ಸ್ಕ್ರೂ ಬಿಚ್ಚಿ ಬದಲಾಯಿಸುವಂಥದ್ದಲ್ಲ. ಅಂಗಡಿಯವರು ಮಾಡುವುದು ಇಷ್ಟೇ: ಪಕ್ಕದ ಸಂದಿಯಲ್ಲಿ ಒಂದು ಮೈಕ್ರೋಎಸ್‌ಡಿ ಕಾರ್ಡ್ ತುರುಕಿ, "ಹೆಚ್ಚಾಯ್ತು ನೋಡಿ ಸಾರ್" ಅಂತ ಬಿಲ್ ಕೊಡುತ್ತಾರೆ. ವಿಂಡೋಸ್ ಇರುವ ಸಿ ಡ್ರೈವ್‌ನಲ್ಲಿ ಒಂದು ಎಂಬಿಯೂ ಹೆಚ್ಚಾಗಿರುವುದಿಲ್ಲ. ಅಪ್‌ಡೇಟ್ ಕೇಳುತ್ತಿರುವುದು ಸಿ ಡ್ರೈವ್‌ನಲ್ಲಿ ಜಾಗ.

ಇನ್ನು 32 ಜಿಬಿ ಎಲ್ಲಿ ಹೋಯಿತು? ಡಬ್ಬದ ಮೇಲಿನ 32, ವಿಂಡೋಸ್ ಲೆಕ್ಕ ಹಾಕುವ ರೀತಿಯಲ್ಲಿ 29.8. ಅದರಲ್ಲಿ, ವಿಂಡೋಸ್ ಕೆಟ್ಟರೆ ಮತ್ತೆ ಹಾಕಿಕೊಳ್ಳಲು ಇಟ್ಟಿರುವ ರಿಕವರಿ ಭಾಗಕ್ಕೆ ಕೆಲವು ಜಿಬಿ ಹೋಗುತ್ತದೆ. ಉಳಿದದ್ದರಲ್ಲಿ ವಿಂಡೋಸ್, ಅದರ ಹಳೇ ಅಪ್‌ಡೇಟ್‌ಗಳು, ನಿಮ್ಮ ಆಫೀಸ್, ಯಾರೋ ಇಳಿಸಿಟ್ಟ ಮದುವೆ ವಿಡಿಯೋ. ದೊಡ್ಡ ಅಪ್‌ಡೇಟ್ ಬಂದರೆ ಅದಕ್ಕೆ ಹತ್ತು ಜಿಬಿ ಆಸುಪಾಸು ಖಾಲಿ ಜಾಗ ಬೇಕು. ಎಲ್ಲಿಂದ ತರುವುದು? ಮಾರುತಿ ಓಮ್ನಿಗೆ ಲಾರಿ ಲೋಡು ಹಾಕಿ, ಎಂಜಿನ್ ಸರಿಯಿಲ್ಲ ಅಂತ ಬೈದ ಹಾಗಾಯಿತು.

ಫಾರ್ಮ್ಯಾಟ್ ವಿಷಯಕ್ಕೆ ಬರೋಣ. ನನಗೆ ಜಾಸ್ತಿ ಕೋಪ ಬರುವುದು ಇಲ್ಲೇ. ನಮ್ಮ ಕಡೆ ಎಲ್ಲ ರೋಗಕ್ಕೂ ಅದೊಂದೇ ಔಷಧ. ಮಾಮೂಲಿ ಡೆಸ್ಕ್‌ಟಾಪ್ ಆದರೆ ನಡೆಯುತ್ತದೆ. ಈ ಟ್ಯಾಬ್ಲೆಟ್‌ಗಳಲ್ಲಿ ನಡೆಯುವುದಿಲ್ಲ. ಇವುಗಳ ಟಚ್, ಸೌಂಡ್, ಪರದೆ ತಿರುಗಿಸುವ ಸೆನ್ಸರ್, ವೈಫೈ, ಪ್ರತಿಯೊಂದಕ್ಕೂ ಆಯಾ ಮಾಡೆಲ್‌ಗೇ ಅಂತ ಮಾಡಿದ ಡ್ರೈವರ್, ಅಂದರೆ ಆ ಭಾಗವನ್ನು ನಡೆಸುವ ಪ್ರೋಗ್ರಾಂ, ಬೇಕು. ಎಷ್ಟೋ ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಸೈಲೀಡ್ ಕಂಪನಿಯ ಟಚ್ ಚಿಪ್ ಇದೆ. ಅದಕ್ಕೆ ಆ ಪರದೆಗೆ ಹೊಂದುವ ಪುಟ್ಟ ಫರ್ಮ್‌ವೇರ್ ಫೈಲ್ ಬೇಕು. ಬೇರೆ ಮಾಡೆಲ್‌ನ ಫೈಲ್ ಹಾಕಿದರೆ ಎಡಕ್ಕೆ ಮುಟ್ಟಿದ್ದು ಬಲಕ್ಕೆ ಹೋಗುತ್ತದೆ, ಮೇಲೆ ಮುಟ್ಟಿದ್ದು ಕೆಳಗೆ. ಹಾಕದಿದ್ದರೆ ಟಚ್ಚೇ ಇಲ್ಲ. ತಯಾರಿಸಿದ ಕಂಪನಿ ಆ ಮಾಡೆಲ್ ಕೈಬಿಟ್ಟು ವರ್ಷಗಳೇ ಆಗಿರುತ್ತವೆ, ಡ್ರೈವರ್ ಎಲ್ಲೂ ಸಿಗುವುದಿಲ್ಲ. ಟಚ್ ಇಲ್ಲದ ಟ್ಯಾಬ್ಲೆಟ್ಟನ್ನು ನನ್ನ ಟೇಬಲ್ ಮೇಲಿಟ್ಟು "ಸ್ವಲ್ಪ ನೋಡಿ ಸಾರ್" ಅಂದರೆ ನಾನೇನು ಮಾಡಲಿ, ಹೇಳಿ?

ವಿಂಡೋಸ್ 8.1 ಜೊತೆ ಬಂದು, ಹಾಗೇ ಉಳಿದಿರುವ ಕೆಲವು ಟ್ಯಾಬ್ಲೆಟ್‌ಗಳಲ್ಲಿ ಇನ್ನೊಂದು ಅಪಾಯವಿದೆ. ವಿಮ್‌ಬೂಟ್ ಅಂತ ಒಂದು ವ್ಯವಸ್ಥೆ. ಅದರಲ್ಲಿ ವಿಂಡೋಸ್ ಫೈಲ್‌ಗಳು ನಿಜವಾಗಿ ಇರುವುದೇ ರಿಕವರಿ ಭಾಗದೊಳಗೆ. ಸಿ ಡ್ರೈವ್‌ನಲ್ಲಿರುವುದು ಬರೀ ಕೊಂಡಿಗಳು. ಜಾಗ ಉಳಿಸೋಣ ಅಂತ ಯಾರಾದರೂ ಬುದ್ಧಿವಂತರು ರಿಕವರಿ ಭಾಗ ಅಳಿಸಿದರೋ, ಅಲ್ಲಿಗೆ ಮುಗಿಯಿತು.

ವಿಂಡೋಸ್ 11 ಅಂತೂ ಕೇಳಲೇಬೇಡಿ. ಅದಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ, ಒಂಬತ್ತು ಇಂಚಿಗಿಂತ ದೊಡ್ಡ ಪರದೆ ಬೇಕು ಅಂತ ಮೈಕ್ರೋಸಾಫ್ಟೇ ಬರೆದಿದೆ. 32-ಬಿಟ್ ವಿಂಡೋಸ್ 11 ಅನ್ನುವುದು ಇಲ್ಲವೇ ಇಲ್ಲ. ನಿಮ್ಮದು ಎಂಟು ಇಂಚು, ಪರದೆಯಲ್ಲೇ ಫೇಲ್. ಹಾಗಾದರೆ ಅಂಗಡಿಯವರು ಹಾಕುವುದು ಏನು? ಯಾರೋ ಕತ್ತರಿಸಿ ಕೊರೆದು ನೆಟ್‌ನಲ್ಲಿ ಬಿಟ್ಟ "ಲೈಟ್" ವಿಂಡೋಸ್. ಒಳಗೆ ಏನು ತೆಗೆದಿದ್ದಾರೆ, ಏನು ಸೇರಿಸಿದ್ದಾರೆ ಅಂತ ಹಾಕಿದವರಿಗೇ ಗೊತ್ತಿರುವುದಿಲ್ಲ. ಆಳುಗಳ ಹೆಸರು, ಬ್ಯಾಂಕ್ ಖಾತೆ ನಂಬರ್ ಇರುವ ಫೈಲ್ ಅದರ ಕೈಗೆ ಕೊಡುತ್ತೀರಾ?

ಸರಿ, ಏನು ಮಾಡಬೇಕು? ಮೊದಲು ಚೆಕ್‌ರೋಲ್ ಫೈಲ್‌ಗಳನ್ನು ಎರಡು ಕಡೆ ಕಾಪಿ ಮಾಡಿ. ಒಂದು ಪೆನ್‌ಡ್ರೈವ್, ಇನ್ನೊಂದು ಬೇರೆ ಕಂಪ್ಯೂಟರ್ ಅಥವಾ ಆನ್‌ಲೈನ್. ಅದೇ ಟ್ಯಾಬ್ಲೆಟ್‌ನೊಳಗಿನ ಎಸ್‌ಡಿ ಕಾರ್ಡ್ ಬ್ಯಾಕಪ್ ಅಲ್ಲ. ಟ್ಯಾಬ್ಲೆಟ್ ಹಳ್ಳಕ್ಕೆ ಬಿದ್ದರೆ ಕಾರ್ಡೂ ಜೊತೆಗೇ ಬೀಳುತ್ತದೆ ಅಲ್ವಾ?

ಆಮೇಲೆ ಡಿಸ್ಕ್ ಕ್ಲೀನಪ್ ತೆಗೆದು, ಅದರಲ್ಲಿ "ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್" ಒತ್ತಿ. ಈ ಎರಡನೇ ಗುಂಡಿಯನ್ನು ಯಾರೂ ಒತ್ತುವುದಿಲ್ಲ, ಜಾಗ ಸಿಗುವುದು ಅಲ್ಲೇ. ವಿಂಡೋಸ್ ಅಪ್‌ಡೇಟ್ ಕ್ಲೀನಪ್, ಹಳೇ ವಿಂಡೋಸ್ ಇನ್‌ಸ್ಟಾಲೇಷನ್, ಎರಡಕ್ಕೂ ಟಿಕ್ ಹಾಕಿ. ಹಳೇ ಇನ್‌ಸ್ಟಾಲೇಷನ್ ತೆಗೆದರೆ ಹಿಂದಿನ ಆವೃತ್ತಿಗೆ ವಾಪಸ್ ಹೋಗಲು ಆಗುವುದಿಲ್ಲ, ಅದು ನೆನಪಿರಲಿ. ಕೆಲಸ ನಿಧಾನ. ಚಾರ್ಜಿಗೆ ಹಾಕಿ ರಾತ್ರಿ ಬಿಡಿ, ಮಧ್ಯದಲ್ಲಿ ಆಫ್ ಮಾಡಬೇಡಿ.

ವಿಂಡೋಸ್ ತನ್ನ ಫೈಲ್‌ಗಳನ್ನೇ ಒತ್ತಿ ಚಿಕ್ಕದು ಮಾಡಿಟ್ಟುಕೊಳ್ಳುವ ಕಾಂಪ್ಯಾಕ್ಟ್ ಓಎಸ್ ಅನ್ನುವ ಸೌಲಭ್ಯ ವಿಂಡೋಸ್ 10ರಲ್ಲಿದೆ. 32-ಬಿಟ್‌ನಲ್ಲಿ ಸುಮಾರು ಒಂದೂವರೆ ಜಿಬಿ ಉಳಿಯುತ್ತದೆ. ಸಣ್ಣ ಸಾಧನಗಳಲ್ಲಿ ಸಾಮಾನ್ಯವಾಗಿ ಅದು ಆನ್ ಆಗಿಯೇ ಇರುತ್ತದೆ, ಆದರೂ ನೋಡಿ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು, ಇಂಗ್ಲಿಷ್ ಅಕ್ಷರದಲ್ಲಿ ಕಾಂಪ್ಯಾಕ್ಟ್ ಅಂತ ಬರೆದು, ಒಂದು ಸ್ಪೇಸ್, ಓರೆಗೆರೆ (/), ಕಾಂಪ್ಯಾಕ್ಟ್‌ಓಎಸ್, ಕೋಲನ್, ಕ್ವೆರಿ. ಈಗಿರುವ ಸ್ಥಿತಿ ತಿಳಿಯುತ್ತದೆ. ಇಲ್ಲ ಅಂತ ಬಂದರೆ ಕ್ವೆರಿ ಬದಲು ಆಲ್ವೇಸ್ ಅಂತ ಹಾಕಿ.

ವಿನ್‌ಎಸ್‌ಎಕ್ಸ್‌ಎಸ್ ಅನ್ನುವ ಫೋಲ್ಡರ್ ದೊಡ್ಡದು ಕಂಡಿತು ಅಂತ ಕೈಯಾರೆ ಅಳಿಸಬೇಡಿ. ಅದರಲ್ಲಿರುವ ಎಷ್ಟೋ ಫೈಲ್ ಬೇರೆ ಕಡೆಯೂ ಅದೇ ಹೆಸರಲ್ಲಿ ಲೆಕ್ಕಕ್ಕೆ ಬರುತ್ತವೆ, ಕಾಣುವಷ್ಟು ಜಾಗ ಅದು ನಿಜವಾಗಿ ತಿನ್ನುತ್ತಿಲ್ಲ. ಹೈಬರ್ನೇಷನ್ (ತೆರೆದಿರುವ ಕೆಲಸವನ್ನು ಸ್ಟೋರೇಜಿಗೆ ಬರೆದಿಟ್ಟು ಮಲಗುವ ಸೌಲಭ್ಯ) ಆಫ್ ಮಾಡಿ ಅನ್ನುವ ವಿಡಿಯೋ ಸಲಹೆಯೂ ಬೇಡ. 2 ಜಿಬಿ ರ‍್ಯಾಮ್ ಇರುವ ಕಡೆ ಅದರಿಂದ ಒಂದು ಜಿಬಿಯೂ ಸಿಗುವುದಿಲ್ಲ. ಬ್ಯಾಟರಿ ಪೂರ್ತಿ ಇಳಿದಾಗ ರೈಟರ್ ಸೇವ್ ಮಾಡದೆ ಬಿಟ್ಟಿದ್ದ ಬಟವಾಡೆ ಹಾಳೆ ಮಾತ್ರ ಹೋಗುತ್ತದೆ.

ಇಷ್ಟಾದರೂ ಅಪ್‌ಡೇಟ್ ಜಾಗ ಕೇಳಿದರೆ, ಹೊರಗಿನ ಡ್ರೈವ್ ಬಳಸಿಕೊಳ್ಳಲು ಅಪ್‌ಡೇಟ್‌ನಲ್ಲೇ ಅವಕಾಶವಿದೆ. ಹತ್ತು ಜಿಬಿಗಿಂತ ಜಾಸ್ತಿ ಖಾಲಿ ಇರುವ ಪೆನ್‌ಡ್ರೈವ್ ಸಾಕು. ತೊಂದರೆ ಒಂದೇ. ಎಷ್ಟೋ ಟ್ಯಾಬ್ಲೆಟ್‌ಗಳಲ್ಲಿ ಚಾರ್ಜಿಗೂ ಪೆನ್‌ಡ್ರೈವ್‌ಗೂ ಇರುವುದು ಒಂದೇ ತೂತು. ಓಟಿಜಿ ಕೇಬಲ್ ಹಾಕಿದರೆ ಚಾರ್ಜ್ ಇಲ್ಲ. ಹಳೇ ಬ್ಯಾಟರಿ ಅರ್ಧ ದಾರಿಯಲ್ಲಿ ಕೈಕೊಟ್ಟರೆ ವಿಂಡೋಸ್ ಏಳುವುದೇ ಕಷ್ಟ. ಬೇರೆ ಯುಎಸ್‌ಬಿ ಇರುವ ಕೀಬೋರ್ಡ್ ಡಾಕ್ ಇದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಇಷ್ಟೆಲ್ಲ ಒದ್ದಾಟ ಯಾಕೆ ಅಂದರೆ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬೆಂಬಲ ಮುಗಿದ ಮೇಲೂ ಅಪ್‌ಡೇಟ್ ಕೊಡುವ ಇಎಸ್‌ಯು ಯೋಜನೆಗೆ ಸೇರಿಕೊಂಡ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಅಂತ ಮೈಕ್ರೋಸಾಫ್ಟ್ ಹೇಳಿತ್ತು. ಅದಕ್ಕೆ ಸೇರಲು 22ಎಚ್2 ಆವೃತ್ತಿ ಇರಲೇಬೇಕು. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಪ್ರೊಸೆಸರ್ ಹೆಸರನ್ನೂ ನೋಡಿಕೊಳ್ಳಿ. ಆಟಮ್ ಝಡ್3735 ಅಂತಿದ್ದರೆ ಪರವಾಗಿಲ್ಲ. ಝಡ್2760 ಅಂತಿದ್ದರೆ ಅದು ಇನ್ನೂ ಹಳೇ ಕ್ಲೋವರ್ ಟ್ರೇಲ್ ಸರಣಿ. ಅದು 1607 ಆವೃತ್ತಿ ದಾಟುವುದೇ ಇಲ್ಲ, ಅದಕ್ಕೆ ಬರುತ್ತಿದ್ದ ಅಪ್‌ಡೇಟೂ 2023ರ ಜನವರಿಗೆ ನಿಂತಿತು. ಜಾಗ ಮಾಡಿಕೊಟ್ಟು ಏನೂ ಪ್ರಯೋಜನವಿಲ್ಲ.

ಅಪ್‌ಡೇಟ್ ನಿಂತ ಮೇಲೆ ಚೆಕ್‌ರೋಲ್ ಬರೆಯಬಾರದು ಅಂತೇನಿಲ್ಲ. ವೈಫೈ ಆಫ್ ಮಾಡಿ, ಎಕ್ಸೆಲ್ ಒಂದನ್ನೇ ಇಟ್ಟುಕೊಂಡು, ಕಣದ ಹತ್ತಿರ ಹಾಜರಿ, ಕೊಯ್ದ ಹಣ್ಣಿನ ತೂಕ ಬರೆಯಲು ಬಳಸಿ. ಆ ಕೆಲಸಕ್ಕೆ ಇದು ಚೆನ್ನಾಗಿಯೇ ಇದೆ. ಬ್ಯಾಂಕು, ಜಿಎಸ್‌ಟಿ, ಇಮೇಲ್ ಬೇಡ. ನನ್ನದು ಅತಿ ಎಚ್ಚರಿಕೆ ಅಂತ ಕೆಲವರು ನಗುತ್ತಾರೆ, ನಗಲಿ.

ಪ್ರಶ್ನೆ: ಇದರಲ್ಲಿ ಟ್ಯಾಲಿ ಓಡುತ್ತದಾ? – ಸಕಲೇಶಪುರ

ಉತ್ತರ: ಟ್ಯಾಲಿಪ್ರೈಮ್‌ಗೆ 64-ಬಿಟ್ ವಿಂಡೋಸ್ ಬೇಕು. ಈ ಟ್ಯಾಬ್ಲೆಟ್‌ಗಳಲ್ಲಿ ಬಹಳಷ್ಟು, ಚಿಪ್ 64-ಬಿಟ್ ಇದ್ದರೂ 32-ಬಿಟ್ ವಿಂಡೋಸ್ ಹಾಕಿಸಿಕೊಂಡೇ ಬಂದವು. ಅಬೌಟ್ ಪುಟದಲ್ಲಿ "ಸಿಸ್ಟಮ್ ಟೈಪ್" ಓದಿ. ಓಡಿದರೂ ಎಂಟು ಇಂಚಿನಲ್ಲಿ ವೋಚರ್ ಹಾಕುವ ಕಣ್ಣು ನಿಮ್ಮದಾದರೆ ಹಾಕಿ.

ಪ್ರಶ್ನೆ: ಪ್ಲೇ ಸ್ಟೋರ್ ಹಾಕಿಕೊಡಿ. – ಬೇಲೂರು

ಉತ್ತರ: ಇದು ಆಂಡ್ರಾಯ್ಡ್ ಅಲ್ಲ. ವಿಂಡೋಸ್ 11ರಲ್ಲಿ ಆಂಡ್ರಾಯ್ಡ್ ಆ್ಯಪ್ ಓಡಿಸುವ ವ್ಯವಸ್ಥೆ ಇತ್ತು, ಅದನ್ನೂ ಮೈಕ್ರೋಸಾಫ್ಟ್ 2025ರ ಮಾರ್ಚ್‌ನಲ್ಲಿ ನಿಲ್ಲಿಸಿತು.

ಪ್ರಶ್ನೆ: ಆನ್‌ಲೈನಲ್ಲಿ ಒಂದು ಟಿಬಿ ಎಸ್‌ಡಿ ಕಾರ್ಡ್ ಐನೂರು ರೂಪಾಯಿಗೆ ಸಿಗುತ್ತಿದೆ. – ಅರಸೀಕೆರೆ

ಉತ್ತರ: ಸಿಗುವುದಿಲ್ಲ. ಸಿಕ್ಕಿದ್ದು ಖೋಟಾ. ಒಂದು ಟಿಬಿ ಅಂತ ತೋರಿಸುತ್ತದೆ, ಒಳಗೆ ಇರುವಷ್ಟು ತುಂಬಿದ ಮೇಲೆ ಹಳೇ ಫೈಲ್ ಮೇಲೇ ಬರೆಯುತ್ತಾ ಹೋಗುತ್ತದೆ. ಯಾವ ಕಾರ್ಡ್ ತಂದರೂ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪುಕ್ಕಟೆ ಪ್ರೋಗ್ರಾಂನಿಂದ ಒಮ್ಮೆ ಪೂರ್ತಿ ತುಂಬಿಸಿ ಪರೀಕ್ಷೆ ಮಾಡಿ, ಆಮೇಲೆ ಬಳಸಿ.

ಪ್ರಶ್ನೆ: ರ‍್ಯಾಮ್ ಬೂಸ್ಟರ್ ಯಾವುದು ಒಳ್ಳೇದು? – ಕಡೂರು

ಉತ್ತರ: ಯಾವುದೂ ಇಲ್ಲ.

ಪ್ರಶ್ನೆ: ಕನ್ನಡ ಟೈಪ್ ಮಾಡಲು ಏನು ಹಾಕಿಕೊಳ್ಳಬೇಕು? – ಹಾಸನ

ಉತ್ತರ: ಏನೂ ಇಳಿಸಬೇಡಿ, ಜಾಗ ಎಲ್ಲಿದೆ? ವಿಂಡೋಸ್ 10ರ 1903 ಆವೃತ್ತಿಯಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಒಳಗೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಗೆ ಕನ್ನಡ ಸೇರಿಸಿ, ಕೀಬೋರ್ಡ್ ಆರಿಸಿ. ಹಳೇ ನುಡಿ ಅಕ್ಷರದ ಫೈಲ್ ಇಲ್ಲಿ ಗಜಿಬಿಜಿ ಕಂಡರೆ ಅದು ಟ್ಯಾಬ್ಲೆಟ್ ದೋಷವಲ್ಲ. ಆ ಫೈಲನ್ನು ಯುನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು.

ಪ್ರಶ್ನೆ: ಲಿನಕ್ಸ್ ಹಾಕಿದರೆ? – ಚಿಕ್ಕಮಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ಈ ಟ್ಯಾಬ್ಲೆಟ್‌ಗಳಲ್ಲಿ ಬಹಳಷ್ಟರ ಯುಇಎಫ್‌ಐ, ಅಂದರೆ ಆನ್ ಮಾಡಿದಾಗ ಮೊದಲು ಏಳುವ ಪ್ರೋಗ್ರಾಂ, 32-ಬಿಟ್. ಮಾಮೂಲಿ 64-ಬಿಟ್ ಪೆನ್‌ಡ್ರೈವ್ ಬೂಟ್ ಆಗದಿದ್ದರೆ ಕಾರಣ ಅದು. ಕ್ಯಾಮೆರಾ ಆಸೆ ಬಿಡಿ. ರಜೆ ಇದ್ದರೆ, ಟ್ಯಾಬ್ಲೆಟ್ ನಿಮ್ಮದೇ ಆಗಿದ್ದರೆ ಮಾಡಿ. ಅಪ್ಪನದಾದರೆ ಬೇಡ.

ಪ್ರಶ್ನೆ: ಪರದೆ ಒಂದು ಮೂಲೆಯಲ್ಲಿ ಎದ್ದು ನಿಂತಿದೆ. ಒತ್ತಿ ಕೂರಿಸಿದರೆ ಕೂರುತ್ತದೆ. ಬ್ಯಾಟರಿಗೆ ಸೂಜಿ ಚುಚ್ಚಿ ಗಾಳಿ ತೆಗೆದರೆ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದರು. – ಆಲೂರು

ಉತ್ತರ: ಹಾಗೆ ಹೇಳಿದವರಿಂದ ದೂರ ಇರಿ. ಅದು ಲಿಥಿಯಂ ಬ್ಯಾಟರಿ, ಒಳಗೆ ಕೆಟ್ಟು ಊದಿಕೊಂಡಿದೆ. ಚುಚ್ಚಿದರೆ ಹೊತ್ತಿಕೊಳ್ಳುತ್ತದೆ. ಒತ್ತಿ ಕೂರಿಸುವುದೂ ಬೇಡ. ಈಗಲೇ ಆಫ್ ಮಾಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ರಾತ್ರಿಯೆಲ್ಲ ಚಾರ್ಜರ್‌ಗೆ ಸಿಕ್ಕಿಸಿ ತಿಂಗಳುಗಟ್ಟಲೆ ಬಿಡುವುದು, ಕಣದ ಬಿಸಿಲಲ್ಲಿ ಅಥವಾ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಇಡುವುದು, ಎರಡೂ ಬ್ಯಾಟರಿಯನ್ನು ಹೀಗೆ ಮಾಡುತ್ತವೆ. ಬೇರೆ ಬ್ಯಾಟರಿ ಸಿಕ್ಕಿದರೆ ಬಿಚ್ಚಲು ಗೊತ್ತಿರುವವರ ಹತ್ತಿರ ಹಾಕಿಸಿ. ಸಿಗದಿದ್ದರೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಅಲ್ಲಿಯವರೆಗೆ ಸಿಮೆಂಟ್ ನೆಲದ ಮೇಲೆ, ಗೋಣಿಚೀಲ, ಕಾಗದ, ಸೌದೆಯಿಂದ ದೂರ ಇಡಿ. ಒಳಗಿನ ಫೈಲ್ ತೆಗೆಯಲು ಇನ್ನೊಂದು ಸಲ ಆನ್ ಮಾಡಲಾ ಅಂತ ಕೇಳುತ್ತೀರಿ, ಗೊತ್ತು. ಎಸ್‌ಡಿ ಕಾರ್ಡ್‌ನಲ್ಲಿದ್ದರೆ ಕಾರ್ಡ್ ತೆಗೆದುಕೊಳ್ಳಿ. ಸಿ ಡ್ರೈವ್‌ನಲ್ಲಿದ್ದರೆ ಆನ್ ಮಾಡದೆ ತನ್ನಿ, ಬ್ಯಾಟರಿ ಬಿಚ್ಚಿದ ಮೇಲೆ ನೋಡೋಣ.