ದೊಡ್ಡಕ್ಷರ ಇರುವುದು ಮರ್ಯಾದೆಗಲ್ಲ

ಪ್ರಶ್ನೆ: ಇಂಗ್ಲಿಷಿನಲ್ಲಿ ಕೆಲಸಕ್ಕೆ ಅರ್ಜಿ ಬರೆಯುವಾಗ ಮ್ಯಾನೇಜರ್, ಕಂಪನಿ, ಡಿಗ್ರಿ ಇಂಥ ಮುಖ್ಯ ಪದಗಳನ್ನೆಲ್ಲ ಕ್ಯಾಪಿಟಲ್ ಅಕ್ಷರದಿಂದ ಶುರು ಮಾಡುತ್ತೇನೆ. ಅದು ಗೌರವ ತೋರಿಸಿದ ಹಾಗೆ ಅಲ್ವಾ? ಗೆಳೆಯ ತಪ್ಪು ಅನ್ನುತ್ತಾನೆ.
– ಓದುಗರೊಬ್ಬರು, ಹಿರಿಯೂರು

ಉತ್ತರ: ನಿಮ್ಮ ಗೆಳೆಯ ಹೇಳಿದ್ದೇ ಸರಿ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಮಕ್ಕಳ ರಜಾ ಅರ್ಜಿಗಳಲ್ಲಿ ನಾನು ಕಂಡದ್ದೂ ಇದನ್ನೇ. ಫೀವರ್‌ಗೆ ದೊಡ್ಡ ಎಫ್, ಲೀವ್‌ಗೆ ದೊಡ್ಡ ಎಲ್. ಇದಕ್ಕೆ ಕಾರಣವೂ ಇದೆ. ಕನ್ನಡ ಲಿಪಿಯಲ್ಲಿ ದೊಡ್ಡದು, ಚಿಕ್ಕದು ಅಂತ ಎರಡು ಬಗೆ ಇಲ್ಲ. ಗೌರವ ಬೇಕಾದರೆ ‘ಬಂದ’ ಅನ್ನದೆ ‘ಬಂದರು’ ಅನ್ನುತ್ತೇವೆ. ಇಂಗ್ಲಿಷಿನ ದೊಡ್ಡಕ್ಷರವೂ ಇಂಥದ್ದೇ ಕೆಲಸ ಮಾಡುತ್ತದೆ ಅಂದುಕೊಂಡುಬಿಡುತ್ತೇವೆ.

ಅದರ ಕೆಲಸ ಬೇರೆ. ವಾಕ್ಯ ಎಲ್ಲಿ ಶುರುವಾಯಿತು ಅಂತ ತೋರಿಸುವುದು ಒಂದು. ‘ಇದು ಹೆಸರು’ ಅಂತ ತೋರಿಸುವುದು ಇನ್ನೊಂದು. ರಿವರ್ ಅಂದರೆ ಯಾವ ನದಿಯಾದರೂ ಆಗಬಹುದು, ಅಲ್ಲಿ ಚಿಕ್ಕ ಆರ್. ತುಂಗಾ ರಿವರ್ ಅಂದಾಗ ಅದು ಒಂದೇ ನದಿಯ ಹೆಸರು, ಎರಡೂ ಪದಕ್ಕೆ ದೊಡ್ಡಕ್ಷರ. ನಿಮ್ಮ ಅರ್ಜಿಗೂ ಇದೇ ಲೆಕ್ಕ. ಮೇಲೆ ವಿಳಾಸದಲ್ಲಿ ‘ದಿ ಮ್ಯಾನೇಜರ್’ ಅಂತ ದೊಡ್ಡ ಎಮ್ ಹಾಕಿ. ಒಳಗೆ ‘ನಾನು ಮ್ಯಾನೇಜರ್ ಆಗಿದ್ದೆ’ ಅಂತ ಬರೆಯುವಾಗ ಚಿಕ್ಕ ಎಮ್ ಸಾಕು. ಕೊನೆಯ ‘ಯುವರ್ಸ್ ಫೇತ್‌ಫುಲಿ’ಯಲ್ಲಿ ವೈ ಮಾತ್ರ ದೊಡ್ಡದು, ಎಫ್ ಚಿಕ್ಕದು. ಇದನ್ನು ತಪ್ಪಾಗಿ ಬರೆಯುವವರೇ ಜಾಸ್ತಿ.

ಹಿಂದೆ ಇಂಗ್ಲಿಷರೂ ನಿಮ್ಮ ಹಾಗೇ ಬರೆಯುತ್ತಿದ್ದರು. 18ನೇ ಶತಮಾನದ ಎಷ್ಟೋ ಪುಸ್ತಕಗಳಲ್ಲಿ ನಾಮಪದಗಳಿಗೆಲ್ಲ ದೊಡ್ಡಕ್ಷರ ಇರುತ್ತಿತ್ತು. ಆಮೇಲೆ ಆ ರೂಢಿ ಬಿಟ್ಟುಹೋಯಿತು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಉಳಿದಿದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅರ್ಜಿಯಲ್ಲಿ ಗೊತ್ತಿರುವ ಭಾಷೆಗಳನ್ನು ಬರೆಯುವಾಗ ಕನ್ನಡಕ್ಕೆ ದಯವಿಟ್ಟು ಚಿಕ್ಕ ಕೆ ಹಾಕಬೇಡಿ. ಭಾಷೆಯ ಹೆಸರಿಗೆ ಯಾವಾಗಲೂ ದೊಡ್ಡಕ್ಷರವೇ. ಹಿಸ್ಟರಿ, ಫಿಸಿಕ್ಸ್‌ಗೆ ಸಾಮಾನ್ಯವಾಗಿ ಬೇಡ, ಕನ್ನಡಕ್ಕೆ ಬೇಕೇ ಬೇಕು. ನಮ್ಮ ಭಾಷೆಯ ಹೆಸರನ್ನು ನಾವೇ ತಪ್ಪಾಗಿ ಬರೆದದ್ದು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಪ್ರಶ್ನೆ: ‘ಮದರ್’ ಅನ್ನುವುದಕ್ಕೆ ಮಗಳ ಪುಸ್ತಕದಲ್ಲಿ ಒಂದು ಕಡೆ ದೊಡ್ಡ ಎಮ್, ಇನ್ನೊಂದು ಕಡೆ ಚಿಕ್ಕ ಎಮ್ ಇದೆ. ಯಾವುದು ಸರಿ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಎರಡೂ ಸರಿ ಇರಬಹುದು. ಹಿಂದೆ ‘ಮೈ’, ‘ಹಿಸ್’ ಇಂಥ ಪದ ಇದ್ದರೆ ಚಿಕ್ಕಕ್ಷರ. ಅಮ್ಮನನ್ನು ಹೆಸರು ಹಿಡಿದ ಹಾಗೆ ನೇರವಾಗಿ ಮದರ್ ಅಂತ ಕರೆದಿದ್ದರೆ ದೊಡ್ಡಕ್ಷರ.

ಪ್ರಶ್ನೆ: ಅಂಗಡಿ ಬೋರ್ಡುಗಳಲ್ಲಿ ಕೆಜಿಗೆ ದೊಡ್ಡ ಕೆ ಬರೆಯುತ್ತಾರೆ. ಅರ್ಥವಾದರೆ ಸಾಲದೇ? ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಅಕ್ಕಿ ಅಂಗಡಿಯಲ್ಲಿ ನಷ್ಟವೇನೂ ಆಗದು, ನಿಜ. ಆದರೂ ಕೆ, ಜಿ ಎರಡೂ ಚಿಕ್ಕವೇ ಇರಬೇಕು. ಅಳತೆಯ ಲೆಕ್ಕದಲ್ಲಿ ದೊಡ್ಡ ಕೆ ಅಂದರೆ ಕೆಲ್ವಿನ್, ಅದು ಉಷ್ಣತೆಯ ಅಳತೆ. ವಿಜ್ಞಾನಿಗಳ ಹೆಸರಿನಿಂದ ಬಂದ ಅಳತೆಗಳ ಗುರುತಿಗೆ ದೊಡ್ಡಕ್ಷರ ಕೊಡುತ್ತಾರೆ. ಜೇಮ್ಸ್ ವಾಟ್ ಹೆಸರಿನ ವ್ಯಾಟ್‌ಗೆ ದೊಡ್ಡ ಡಬ್ಲ್ಯೂ ಬಂದದ್ದು ಹೀಗೆ. ಪೂರ್ತಿ ಪದ ಬರೆದಾಗ ಮಾತ್ರ ಅದೇ ವ್ಯಾಟ್ ಚಿಕ್ಕಕ್ಷರದಲ್ಲಿರುತ್ತದೆ. ಲೀಟರ್ ಯಾರ ಹೆಸರೂ ಅಲ್ಲ. ಆದರೆ ಚಿಕ್ಕ ಎಲ್ ನೋಡಲು 1ರ ಅಂಕಿಯ ಹಾಗೇ ಇದೆಯಲ್ಲ, ಅದಕ್ಕೇ 1979ರಲ್ಲಿ ದೊಡ್ಡ ಎಲ್ ಕೂಡ ನಡೆಯುತ್ತದೆ ಅಂತ ಒಪ್ಪಿಕೊಂಡರು.

ತಲೆ ಕೆಡಿಸಿಕೊಳ್ಳಲೇಬೇಕಾದ ಜಾಗವೂ ಇದೆ. ಎಷ್ಟು ಪಟ್ಟು ಅಂತ ತಿಳಿಸಲು ಅಳತೆಯ ಗುರುತಿಗೆ ಮೊದಲು ಸೇರಿಸುವ ಗುಣಕಗಳಲ್ಲಿ ದೊಡ್ಡ ಎಮ್ ಅಂದರೆ ಮೆಗಾ, ಹತ್ತು ಲಕ್ಷ ಪಟ್ಟು. ಚಿಕ್ಕ ಎಮ್ ಅಂದರೆ ಮಿಲಿ, ಸಾವಿರದ ಒಂದು ಪಾಲು. ನಮ್ಮ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಅಲ್ಲಿ ಎಮ್ ಚಿಕ್ಕದಾದರೆ ಇಡೀ ಲಿಂಗನಮಕ್ಕಿಯ ನೀರಿನಿಂದ ಒಂದು ಪುಟ್ಟ ಎಲ್‌ಇಡಿ ದೀಪಕ್ಕೆ ಸಾಕಾಗುವಷ್ಟು ಕರೆಂಟು ಬರುತ್ತದೆ ಅಂತ ಬರೆದ ಹಾಗಾಯಿತು.