ಆ ಹೂವಿನ ಶರ್ಟ್ ಹೊಲಿದವರು ಯಾರು?

ಹೋದ ಸಂಚಿಕೇಲಿ ಹವಾಯಿಯ ಹಳೇ ಅಲೋಹಾ ಶರ್ಟ್ (ಹೂವಿನ ಚಿತ್ರದ ಹವಾಯಿ ಶರ್ಟ್ ಅಂತೀವಲ್ಲ, ಅದೇ) ಸಿಕ್ರೆ ದಯವಿಟ್ಟು ಬಿಸಾಕ್ಬೇಡಿ ಅಂತ ಒಂದು ಸಾಲು ಬರೆದಿದ್ದೆ, ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಈ ಸಲ ಬೇರೆ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಇದನ್ನೇ ತಗೊಂಡಿದೀನಿ.

ಪ್ರಶ್ನೆ: ಅಲೋಹಾ ಶರ್ಟ್ ಕಂಡುಹಿಡಿದಿದ್ದು ಎಲರಿ ಚುನ್ ಅಂತ ನಾನು, ಜಪಾನಿನವರು ಅಂತ ನನ್ನ ಗೆಳೆಯ. ಐನೂರು ರೂಪಾಯಿ ಪಂದ್ಯ ಕಟ್ಟಿದೀವಿ. ಯಾರು ಗೆದ್ರು? (ಧಾರವಾಡ)

ಉತ್ತರ: ಇಬ್ಬರೂ ನಿಮ್ಮ ನಿಮ್ಮ ದುಡ್ಡು ವಾಪಸ್ ತಗೊಳ್ಳಿ. ಎಲರಿ ಚುನ್ ಹವಾಯಿಯ ಹೊನೊಲುಲುವಿನ ಚೀನೀ ಮನೆತನದ ಹುಡುಗ, ಅಮೆರಿಕದ ಯೇಲ್ ಯೂನಿವರ್ಸಿಟೀಲಿ ಎಕನಾಮಿಕ್ಸ್ ಓದಿ ವಾಪಸ್ ಬಂದು ಮನೆಯವರ ಬಟ್ಟೆ ಅಂಗಡಿ ನೋಡ್ಕೊಳ್ತಿದ್ದರು, ಅಂಗಡಿ ಹೆಸರು ಕಿಂಗ್ ಸ್ಮಿತ್. ಹವಾಯಿದೇ ಅನ್ನೋ ಬಟ್ಟೆ ಆಗ ಇರಲಿಲ್ಲ, ಅದಕ್ಕೆ ಕಣ್ಣು ಕುಕ್ಕೋ ಅಂಥ ಜಪಾನೀ ಕಿಮೋನೋ ಬಟ್ಟೆ ತಂದು ದರ್ಜಿ ಕೈಲಿ ಕೆಲವು ಡಜನ್ ಅರ್ಧ ತೋಳಿನ ಶರ್ಟ್ ಹೊಲಿಸಿ ಶೋಕೇಸಿಗೆ ಹಾಕಿದರು, 1937ರಲ್ಲಿ ‘ಅಲೋಹಾ ಶರ್ಟ್’ ಅನ್ನೋ ಹೆಸರನ್ನ ಟ್ರೇಡ್‌ಮಾರ್ಕ್ ಮಾಡಿಸಿದರು. ಹೆಸರು ಅವರ ಪಾಲಾಗಿದ್ದು ಹಾಗೆ. ಆದ್ರೆ ಅದಕ್ಕಿಂತ ಮುಂಚೆನೇ, 1935ರ ಜೂನ್ 28ರ ಹೊನೊಲುಲು ಅಡ್ವರ್ಟೈಸರ್ ಪೇಪರಲ್ಲಿ ಮೂಸಾಶಿಯಾ ಅನ್ನೋ ದರ್ಜಿ ಅಂಗಡಿಯ ಜಾಹೀರಾತು ಇದೆ, ಅಲೋಹಾ ಶರ್ಟ್, 95 ಸೆಂಟ್‌ನಿಂದ ಶುರು ಅಂತ. ಮೂಸಾಶಿಯಾ ಅನ್ನೋದು ಮನುಷ್ಯನ ಹೆಸರು ಅಂತ ಸುಮಾರು ಜನ ಅಂದ್ಕೊಂಡಿದಾರೆ, ಅದು ಅಂಗಡಿ ಹೆಸರು, ನಡೆಸ್ತಿದ್ದವರು ಕೋಯಿಚಿರೋ ಮಿಯಾಮೊಟೊ. ಅದಕ್ಕೂ ಹಿಂದೆ ಕಬ್ಬಿನ ತೋಟದ ಕೂಲಿಗಳು ಪಲಾಕಾ ಅಂತ ಚೌಕುಳಿ ಅಂಗಿ ಹಾಕ್ತಿದ್ದರು, ಅದನ್ನ ಹೊಲಿದವರನ್ನ ಯಾವ ಲೆಕ್ಕಕ್ಕೆ ಸೇರಿಸೋಣ ಹೇಳಿ? ನನಗೆ ಬೇಜಾರಾಗೋದು ಇನ್ನೊಂದು ವಿಷಯಕ್ಕೆ. ಚುನ್ ಅವರ ಸೋದರಿ ಎಥೆಲ್ ಚುನ್ ಲಮ್ ಆ ಶರ್ಟುಗಳಿಗೆ ದಾಸವಾಳ, ಮೀನು ಎಲ್ಲ ಬರೆದುಕೊಟ್ಟವರು, ಪಂದ್ಯ ಕಟ್ಟೋವಾಗ ಅವರ ಹೆಸರು ಯಾರಿಗೂ ನೆನಪಾಗಲ್ಲ ನೋಡಿ.

ಪ್ರಶ್ನೆ: ಅಮೆರಿಕದಲ್ಲಿರೋ ಮಗಳು ಸೆಕೆಂಡ್ ಹ್ಯಾಂಡ್ ಅಂಗಡೀಲಿ ಒಂದು ಹವಾಯಿ ಶರ್ಟ್ ತಗೊಂಡಳಂತೆ, ಲೇಬಲ್ಲಲ್ಲಿ ವಾಟುಮಲ್ ಅಂತಿದೆಯಂತೆ. ಇದು ನಮ್ಮ ಕಡೆ ಹೆಸರಲ್ವಾ? (ಬೆಂಗಳೂರು)

ಉತ್ತರ: ಹೌದು, ಸಿಂಧಿ ಹೆಸರು. ಹೈದರಾಬಾದಿನವರು, ಆದ್ರೆ ನಮ್ಮ ಪಕ್ಕದ ಹೈದರಾಬಾದ್ ಅಲ್ಲ, ಸಿಂಧ್‌ನದ್ದು, ಈಗ ಪಾಕಿಸ್ತಾನದಲ್ಲಿದೆ. ಹೊನೊಲುಲುವಿನಲ್ಲಿ ವಾಟುಮಲ್ ಮನೆತನದ್ದು ಈಸ್ಟ್ ಇಂಡಿಯಾ ಸ್ಟೋರ್ ಅಂತ ಅಂಗಡಿ ಇತ್ತು. ಗೋಬಿಂದರಾಮ್ ವಾಟುಮಲ್ ಮದುವೆಯಾಗಿದ್ದು ಎಲೆನ್ ಜೆನ್ಸೆನ್ ಅನ್ನೋ ಅಮೆರಿಕನ್ ಹೆಂಗಸನ್ನ, ಎಲೆನ್ ಅವರ ಸೋದರಿ ಎಲ್ಸಿ ದಾಸ್ ಚಿತ್ರಗಾರ್ತಿ. 1936ರಲ್ಲಿ ಅಂಗಡಿಯವರು ಎಲ್ಸಿ ಕೈಲಿ ಹವಾಯಿಯ ಹೂವುಗಳದ್ದೇ 15 ಡಿಸೈನ್ ಬರೆಸಿದರು, ಅದನ್ನ ಜಪಾನಿಗೆ ಕಳಿಸಿ ರೇಷ್ಮೆ ಮೇಲೆ ಕೈಯಲ್ಲಿ ಅಚ್ಚು ಹಾಕಿಸಿ ತರಿಸಿದರು. ಅಲ್ಲೀವರೆಗೆ ಶರ್ಟುಗಳ ಮೇಲೆ ಬರ್ತಿದ್ದಿದ್ದು ಜಾಸ್ತಿ ಜಪಾನಿನ ಚಿತ್ರಗಳೇ, ಫ್ಯೂಜಿ ಬೆಟ್ಟ, ಹುಲಿ, ಕೊಕ್ಕರೆ. ಹವಾಯಿ ಶರ್ಟಿನ ಮೇಲೆ ಹವಾಯಿ ಹೂವು ಅರಳಿದ್ದರಲ್ಲಿ ಒಂದು ಸಿಂಧಿ ಅಂಗಡಿಯ ಪಾಲೂ ಇದೆ, ಇದನ್ನ ಮೊದಲ ಸಲ ಓದಿದಾಗ ನನಗೆ ಎಷ್ಟು ಖುಷಿಯಾಗಿತ್ತು ಅಂದ್ರೆ ಎದ್ದು ಹೋಗಿ ಮನೆಯವರಿಗೆಲ್ಲ ಹೇಳಿ ಬಂದಿದ್ದೆ. ಮಗಳಿಗೆ ಜೋಪಾನವಾಗಿ ಇಟ್ಕೊಳ್ಳೋಕೆ ಹೇಳಿ.

ಪ್ರಶ್ನೆ: ಬ್ಲೂ ಹವಾಯಿ ರೆಕಾರ್ಡ್ ಕವರ್ ಮೇಲೆ ಎಲ್ವಿಸ್ ಹಾಕಿರೋ ಆ ಕೆಂಪು ಶರ್ಟ್ ಯಾರದ್ದು? (ಮೈಸೂರು)

ಉತ್ತರ: ಆಲ್ಫ್ರೆಡ್ ಶಾಹೀನ್ ಅವರದ್ದು, ಡಿಸೈನ್ ಹೆಸರು ಟಿಯಾರೆ ಟಾಪಾ. 1961ರ ಆ ಕವರಿಂದ ಶರ್ಟಿಗೆ ಸಿಕ್ಕ ಹೆಸರು ಇವತ್ತಿಗೂ ಇಳಿದಿಲ್ಲ, ಆದ್ರೆ ನನಗೆ ಎಲ್ವಿಸ್‌ಗಿಂತ ಶಾಹೀನ್ ಕಥೆನೇ ಇಷ್ಟ. ಲೆಬನಾನ್ ಮೂಲದವರು, ಓದಿದ್ದು ವಿಮಾನದ ಇಂಜಿನಿಯರಿಂಗ್, ಎರಡನೇ ಮಹಾಯುದ್ಧದಲ್ಲಿ ಪೈಲಟ್. 1948ರಲ್ಲಿ ಹೊನೊಲುಲುವಿನಲ್ಲಿ ಸಣ್ಣದಾಗಿ ಗಾರ್ಮೆಂಟ್ಸ್ ಶುರು ಮಾಡಿದರು. ಪ್ರಿಂಟ್ ಆದ ಬಟ್ಟೆ ಹೊರಗಿಂದ ಬರೋದಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಬಂದಿದ್ದು ಇಷ್ಟ ಆಗ್ದಿದ್ರೂ ಹೊಲೀಬೇಕು, ಅದು ಅವರಿಗೆ ಸರಿ ಬರಲಿಲ್ಲ, ಹಾಗಾಗಿ ಮಿಲಿಟರಿಯವರು ಬಳಸ್ತಿದ್ದ ಅರ್ಧ ಡ್ರಮ್ ಮಗುಚಿದ ಹಾಗಿರೋ ತಗಡಿನ ಶೆಡ್ಡಲ್ಲಿ ಪ್ರಿಂಟಿಂಗ್ ಮೆಷಿನ್‌ಗಳನ್ನ ತಾವೇ ಕಟ್ಟಿಕೊಂಡು, ಡಿಸೈನ್ ಬರೆಯೋದು, ಬಣ್ಣ, ಅಚ್ಚು, ಹೊಲಿಗೆ, ಮಾರಾಟ ಎಲ್ಲ ಒಂದೇ ಕಡೆ ತಂದರು. 1959ರ ಹೊತ್ತಿಗೆ 400 ಜನ ಕೆಲಸಕ್ಕಿದ್ದರು, ವರ್ಷದ ವಹಿವಾಟು 40 ಲಕ್ಷ ಡಾಲರ್ ದಾಟಿತ್ತು. ಪೆಸಿಫಿಕ್ ದ್ವೀಪಗಳವರ ಮರದ ತೊಗಟೆ ಬಟ್ಟೆಯ ಚಿತ್ತಾರ ಇರುತ್ತಲ್ಲ, ಟಾಪಾ ಅಂತಾರೆ, ಅದನ್ನ ತಮ್ಮ ಕಲಾವಿದರಿಗೆ ಸರಿಯಾಗಿ ಕಲಿಸಿಯೇ ಬರೆಸ್ತಿದ್ದರು. ಟೂರಿಸ್ಟ್‌ಗಳಿಗೆ ಅಂತ ಹೇಗ್ಹೇಗೋ ಗೀಚಿದ ಶರ್ಟುಗಳ ಪಕ್ಕದಲ್ಲಿ ಶಾಹೀನ್ ಶರ್ಟ್ ಇಟ್ಟು ನೋಡಿ, ಬೇರೆ ಹೇಳೋದೇ ಬೇಡ.

ಪ್ರಶ್ನೆ: ಹವಾಯಿಗೆ ಹೋಗಿದ್ದ ಭಾವ ಒಂದು ಶರ್ಟ್ ತಂದ್ಕೊಟ್ರು, ಒಳಮೈ ಹೊರಗೆ ಮಾಡಿ ಹೊಲಿದ ಹಾಗಿದೆ, ಬಣ್ಣನೂ ಮಸುಕು. ಮೋಸ ಹೋದ್ರಾ? (ಶಿವಮೊಗ್ಗ)

ಉತ್ತರ: ಇಲ್ಲ, ಬೇಕಂತಲೇ ಹಾಗೆ. 1960ರ ದಶಕದಲ್ಲಿ ರೇನ್ ಸ್ಪೂನರ್ ಅನ್ನೋ ಹವಾಯಿಯ ಶರ್ಟ್ ಕಂಪನಿಯವರು ಪ್ರಿಂಟ್ ಒಳಗೆ ಬರೋ ಹಾಗೆ ಹೊಲಿಯೋಕೆ ಶುರು ಮಾಡಿದರು, ಬಿಸಿಲಿಗೆ ಮಾಸಿದ ಹಾಗೆ ಕಾಣುತ್ತೆ. ಅಲ್ಲಿನವರು ಆಫೀಸಿಗೆ ಹಾಕೋದು ಇಂಥದ್ದೇ ಜಾಸ್ತಿ. ಆಫೀಸಿಗೆ ಅಂದಿದ್ದು ಸುಮ್ಮನೆ ಅಲ್ಲ, 1962ರಲ್ಲಿ ಅಲ್ಲಿನ ಫ್ಯಾಷನ್ ಗಿಲ್ಡ್‌ನವರು ಶಾಸಕರಿಗೆಲ್ಲ ತಲಾ ಎರಡೆರಡು ಅಲೋಹಾ ಶರ್ಟ್ ಹಂಚಿ, ಕೆಲಸಕ್ಕೂ ಇದನ್ನ ಹಾಕೋಕೆ ಬಿಡಿ ಅಂತ ಒಪ್ಪಿಸೋಕೆ ಹೊರಟಿದ್ದರು, ಆಮೇಲೆ ಶುಕ್ರವಾರ ಆಫೀಸಿಗೆ ಅಲೋಹಾ ಶರ್ಟ್ ಹಾಕೋ ಅಲೋಹಾ ಫ್ರೈಡೇ ಬಂತು. ಬೆಂಗಳೂರಿನ ಐಟಿ ಆಫೀಸುಗಳ ಕ್ಯಾಶುಯಲ್ ಫ್ರೈಡೇಗೆ ಅದೇ ಅಜ್ಜ ಅಂತ ಎಷ್ಟೋ ಜನ ಹೇಳ್ತಾರೆ.

ಪ್ರಶ್ನೆ: ನಮ್ಮ ಮಾವನವರ ಟ್ರಂಕಲ್ಲಿ ರೇಯಾನ್ ಹವಾಯಿ ಶರ್ಟ್ ಇದೆ. ನಿಜವಾಗ್ಲೂ ಹಳೇದಾ ಅಂತ ಹೇಗೆ ನೋಡೋದು? ತೊಳೀಬಹುದಾ? (ಹರಿಹರ)

ಉತ್ತರ: ಮೊದಲು ಜೇಬು ನೋಡಿ. ಒಳ್ಳೇ ದರ್ಜಿ ಹೊಲಿದಿದ್ರೆ ಜೇಬಿನ ಮೇಲಿನ ಹೂವು ಹಿಂದಿನ ಬಟ್ಟೆ ಹೂವಿಗೆ ಕೂಡ್ಕೊಂಡಿರುತ್ತೆ, ಜೇಬಿದೆ ಅಂತನೇ ಗೊತ್ತಾಗಲ್ಲ. ಗುಂಡಿ ತೆಂಗಿನ ಚಿಪ್ಪಿಂದಾ ನೋಡಿ, ಆದ್ರೆ ಅದೊಂದನ್ನೇ ನಂಬ್ಬೇಡಿ, ಈಗಿನವಕ್ಕೂ ಹಾಕ್ತಾರೆ. ಲೇಬಲ್ಲಲ್ಲಿ ಒಗೆಯೋ ವಿಧಾನ ಬರೆದಿದ್ರೆ ಬಹುತೇಕ 1972ರ ಈಚೆಯದ್ದು, ಅಮೆರಿಕದಲ್ಲಿ ಅದು ಕಡ್ಡಾಯ ಆಗಿದ್ದು ಆವಾಗ. ಇನ್ನು ರೇಯಾನ್ ಬಗ್ಗೆ ಹರಿಹರದವರಿಗೆ ನಾನೇನು ಹೇಳೋದು, ಪಕ್ಕದ ಕುಮಾರಪಟ್ಟಣದಲ್ಲೇ ಮರದ ತಿರುಳಿಂದ ಆ ನಾರು ತಯಾರಾಗುತ್ತೆ. ಒಣಗಿದ್ದಾಗ ನೀರಿನ ಹಾಗೆ ಜಾರೋ ಆ ಬಟ್ಟೆ ಒದ್ದೆ ಆದ್ರೆ ಅರ್ಧಕ್ಕರ್ಧ ಬಲ ಕಳ್ಕೊಳ್ಳುತ್ತೆ. ನನ್ನದೊಂದು ಶರ್ಟನ್ನ ನೆನೆಹಾಕಿ ಹಿಂಡಿ ತಂತಿ ಮೇಲೆ ಎಸೆದಿದ್ದೆ, ಭುಜದ ಹತ್ರ ಹರಿದೇ ಹೋಯ್ತು, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಹಾಗಾಗಿ ವಾಷಿಂಗ್ ಮೆಷಿನ್ ಬೇಡ. ಒಳಗಡೆ ಹೊಲಿಗೆ ಹತ್ರ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ, ಬಣ್ಣ ಬಿಟ್ರೆ ನೀರಿಗೆ ಹಾಕ್ಲೇಬೇಡಿ. ಬಿಡ್ಲಿಲ್ಲ ಅಂದ್ರೆ ತಣ್ಣೀರಲ್ಲಿ ಎರಡು ನಿಮಿಷ ಅದ್ದಿ, ಎತ್ತೋವಾಗ ಎರಡೂ ಕೈಯಲ್ಲಿ ಕೆಳಗಿಂದ ಹಿಡಿದು ಎತ್ತಿ, ಹಿಂಡದೆ ಟವಲ್ಲಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಾಪೆ ಮೇಲೆ ಹರಡಿ. ಲೇಬಲ್ ಏನಂತಿದೆ ಅಂತ ಮಾತ್ರ ಮರೀದೆ ಬರೆದು ಕಳಿಸಿ.