ಜೇಮ್ಸ್ ಎನ್ಸೋರ್ ಚಿತ್ರಗಳಲ್ಲಿ ಅಷ್ಟೊಂದು ಮುಖವಾಡಗಳು ಏಕೆ?

ಚಿತ್ರಕಾರ ಎನ್ಸೋರ್ ಅವರ ಮುಖವಾಡಗಳು, ಜನ ವೇಷ ತೊಟ್ಟು ಬೀದಿಗಿಳಿಯುವ ಕಾರ್ನಿವಲ್ ಹಬ್ಬದ ಚಿತ್ರಣ ಮಾತ್ರವೇ, ಇಲ್ಲವೇ ಅವುಗಳಿಗೆ ಬೇರೆ ಅರ್ಥವಿದೆಯೇ ಎಂದು ತಾವು ಕೇಳಿದ್ದೀರಿ. ಹಬ್ಬದಿಂದ ಹೊರಟ ಮುಖವಾಡ ಅವರ ಕೈಯಲ್ಲಿ ಮನುಷ್ಯನ ಮುಖವೇ ಆಗಿಬಿಟ್ಟಿತು ಎಂಬುದು ನನ್ನ ಅಭಿಪ್ರಾಯ.

1860ರಲ್ಲಿ ಬೆಲ್ಜಿಯಂನ ಕಡಲತೀರದ ಒಸ್ಟೆಂಡ್‌ನಲ್ಲಿ ಹುಟ್ಟಿದ ಎನ್ಸೋರ್ ಅವರ ಕುಟುಂಬವು ಪ್ರವಾಸಿಗರಿಗೆ ಶಂಖ, ಚಿಪ್ಪು, ಚೀನೀ ಸಾಮಾನುಗಳ ಜೊತೆಗೆ ಕಾರ್ನಿವಲ್ ಮುಖವಾಡಗಳನ್ನೂ ಮಾರುವ ಅಂಗಡಿ ನಡೆಸುತ್ತಿತ್ತು. ಆದ್ದರಿಂದ ಮುಖವಾಡವು ಅವರಿಗೆ ವರ್ಷಕ್ಕೊಮ್ಮೆ ಕಾಣುವ ಸೋಜಿಗವಾಗಿರದೆ, ದಿನವೂ ಕಣ್ಣಿಗೆ ಬೀಳುವ ವಸ್ತುವಾಗಿತ್ತು.

1883ರ 'ಹೌಹಾರಿದ ಮುಖವಾಡಗಳು' ಚಿತ್ರದಲ್ಲಿ ಮಂಕು ಬೆಳಕಿನ ಕೋಣೆಯಲ್ಲಿ ಒಬ್ಬ ವ್ಯಕ್ತಿ ಮೇಜಿನ ಮುಂದೆ ಕುಳಿತಿದ್ದರೆ, ಇನ್ನೊಬ್ಬರು ಬಾಗಿಲಲ್ಲಿ ಬಂದು ನಿಂತಿದ್ದಾರೆ. ಇಬ್ಬರೂ ಮುಖವಾಡ ತೊಟ್ಟ ಮನುಷ್ಯರೆಂಬುದು ನಮಗೆ ಸ್ಪಷ್ಟವಾಗಿ ತಿಳಿಯುತ್ತದೆ. 1890ರ 'ಒಳಸಂಚು' ಚಿತ್ರಕ್ಕೆ ಬರುವಷ್ಟರಲ್ಲಿ ಆ ಖಚಿತತೆ ಉಳಿಯುವುದಿಲ್ಲ. ಒತ್ತೊತ್ತಾಗಿ ನಿಂತ ಆ ಗುಂಪಿನಲ್ಲಿ ಕೆಂಪು, ಬಿಳಿ, ಹಸಿರು ಬಣ್ಣಗಳು ದಪ್ಪವಾಗಿ ಮೆತ್ತಿಕೊಂಡಿದ್ದು, ಮುಖವಾಡ ಎಲ್ಲಿ ಮುಗಿದು ಚರ್ಮ ಎಲ್ಲಿ ಆರಂಭವಾಗುತ್ತದೆ ಎಂದು ಎಷ್ಟು ಹೊತ್ತು ನೋಡಿದರೂ ನನಗೆ ಗೊತ್ತಾಗಿಲ್ಲ. ಕಳಚಿದರೆ ಒಳಗೆ ಇನ್ನೊಂದು ಮುಖವಿದೆ ಎಂಬ ಭರವಸೆಯನ್ನು ಕಲಾವಿದರು ಇಲ್ಲಿ ನಮಗೆ ಕೊಡುವುದೇ ಇಲ್ಲ.

ಇವೆರಡರ ನಡುವೆ, 1888ರಲ್ಲಿ, ಅವರು ಸುಮಾರು ನಾಲ್ಕೂಕಾಲು ಮೀಟರ್ ಅಗಲದ '1889ರಲ್ಲಿ ಬ್ರಸೆಲ್ಸ್‌ಗೆ ಕ್ರಿಸ್ತನ ಪ್ರವೇಶ' ಚಿತ್ರವನ್ನು ರಚಿಸಿದರು. ಬೀದಿ ತುಂಬ ಬ್ಯಾಂಡಿನವರು, ಗಣ್ಯರು, ಮುಖವಾಡಧಾರಿಗಳು ನಮ್ಮ ಮೇಲೇ ನುಗ್ಗಿ ಬರುವಂತಿದ್ದಾರೆ. ಕತ್ತೆಯ ಮೇಲೆ ಕುಳಿತ ಕ್ರಿಸ್ತ ಮಾತ್ರ ಹಿಂದೆಲ್ಲೋ ಚಿಕ್ಕದಾಗಿ ಕಾಣುತ್ತಾನೆ. ಮೆರವಣಿಗೆ ಯಾರಿಗಾಗಿ ಹೊರಟಿತೋ ಅವನನ್ನೇ ಯಾರೂ ನೋಡುತ್ತಿಲ್ಲ. 1929ರವರೆಗೆ ಸಾರ್ವಜನಿಕ ಪ್ರದರ್ಶನ ಕಾಣದ ಈ ಚಿತ್ರ ಈಗ ಲಾಸ್ ಏಂಜಲೀಸ್‌ನ ಗೆಟ್ಟಿ ವಸ್ತುಸಂಗ್ರಹಾಲಯದಲ್ಲಿದೆ.

ಅದೇ ಗುಂಪು 1899ರ 'ಮುಖವಾಡಗಳ ನಡುವೆ ಸ್ವಚಿತ್ರ'ದಲ್ಲಿ ಕಲಾವಿದರನ್ನೇ ಸುತ್ತುವರಿದಿದೆ. ಅಲ್ಲಿ ಮುಖವಾಡವಿಲ್ಲದೆ ನಮ್ಮತ್ತ ನೋಡುತ್ತಿರುವವರು ಅವರೊಬ್ಬರೇ. ಆದರೆ ತಲೆಯ ಮೇಲಿನ ಗರಿ ಸಿಕ್ಕಿಸಿದ ಕೆಂಪು ಟೋಪಿ 17ನೇ ಶತಮಾನದ ಖ್ಯಾತ ಚಿತ್ರಕಾರ ರೂಬೆನ್ಸ್ ಅವರ ಸ್ವಚಿತ್ರವನ್ನು ನೆನಪಿಸುವುದರಿಂದ, ಅವರೂ ವೇಷ ತೊಟ್ಟೇ ಅಲ್ಲಿ ನಿಂತಿದ್ದಾರೆ.